ಎಡಕ್ಕೆ ಬಾಗಿದ ಹೃದಯಗಳು

ಅಥವಾ ಆ ದಿನ ಕರೆಂಟು ಹೋಗಿರಲೇ ಇಲ್ಲವೇನೋ. ಇಷ್ಟು ವರ್ಷ ಹೋಗಿತ್ತು ಎಂದೇ ಹೇಳಿಕೊಂಡು ಬಂದಿದ್ದೇನೆ. ಕತ್ತಲಾದ ಕಾರಿಡಾರು, ಮೊಟ್ಟೆಗಳಿಗೆ ಕಾವು ಕೊಡುವ ಇನ್‌ಕ್ಯುಬೇಟರಿನ ಕೆಂಪು ದೀಪ ಆರಿದ್ದು, ಗೆಳತಿ ತನ್ನ ಶಾಲನ್ನು ತೆಗೆದು ಆ ಪೆಟ್ಟಿಗೆಗೆ ಹೊದಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಅದು ಏಪ್ರಿಲ್ ತಿಂಗಳು. ಮೈಸೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಶಾಲು ಯಾರು ತರುತ್ತಾರೆ? ಹಾಗಾದರೆ ಶಾಲು ಬೇರೆ ಯಾವುದೋ ದಿನದ್ದು. ಶಾಲು ಬೇರೆ ದಿನದ್ದಾದರೆ ಕರೆಂಟು ಹೋದದ್ದೂ ಬೇರೆ ದಿನವಿರಬಹುದು. ಒಂದು ಎಳೆ ಎಳೆದರೆ ಇಡೀ ಮಧ್ಯಾಹ್ನವೇ ಬಿಚ್ಚಿಕೊಂಡು ಕೈಗೆ ಬರುತ್ತದೆ.

ಆ ಮಧ್ಯಾಹ್ನ ನನಗೆ ಬೇಕು. ನನಗಿಂತ ಹೆಚ್ಚಾಗಿ ಅವಳಿಗೆ ಬೇಕಾಗಿತ್ತು.

ತೊಂಬತ್ತರ ದಶಕದ ಕೊನೆಯಿಂದ ಎರಡು ಸಾವಿರದ ಮೊದಲ ಕೆಲವು ವರ್ಷಗಳವರೆಗೆ ನಾವಿಬ್ಬರೂ ಮೈಸೂರಿನ ಒಂದು ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆವು. ಒಬ್ಬರೇ ಮೇಷ್ಟ್ರು, ಒಂದೇ ಕೋಣೆ, ಎದುರುಬದುರು ಮೇಜು. ನನ್ನದು ಕಪ್ಪೆಮರಿಯ ಬಾಲ, ಅವಳದು ಕೋಳಿ ಭ್ರೂಣದ ಹೃದಯ. ನನ್ನ ಬಾಲದ ವಿಚಾರ ಇಲ್ಲಿ ಬೇಡ. ಅದು ಕಪ್ಪೆಮರಿಗೆ ಕರಗಿಹೋದಷ್ಟೇ ಸಹಜವಾಗಿ ನನ್ನ ಬದುಕಿನಿಂದಲೂ ಕರಗಿಹೋಯಿತು, ನಾನು ಬರವಣಿಗೆಗೆ ಬಂದೆ. ಅವಳ ಹೃದಯದ ವಿಚಾರ ಹಾಗಲ್ಲ.

ಅವಳು ಶ್ರೀರಾಂಪುರದಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದಳು. ಮಠದ ಭಕ್ತರ ಮನೆ. ಭಾವನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಆ ಮನೆಯೊಳಕ್ಕೆ ಮೊಟ್ಟೆ ಬರುವುದಿರಲಿ, ಆ ಹೆಸರನ್ನೂ ಅಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಇವಳೋ ಬೆಳಿಗ್ಗೆಯಿಂದ ಸಂಜೆಯವರೆಗೆ ಮೊಟ್ಟೆ ಒಡೆಯುವವಳು. ಊರ ಹೊರಗಿನ ಹ್ಯಾಚರಿಯಿಂದ ಮೊಪೆಡ್ಡಿನಲ್ಲಿ ಮೊಟ್ಟೆಯ ಟ್ರೇ ಕಟ್ಟಿಕೊಂಡು ಬರುವಾಗ ತಮ್ಮ ಬೀದಿ ತಪ್ಪಿಸಲೆಂದೇ ಸುತ್ತು ದಾರಿ ಹಿಡಿಯುತ್ತಿದ್ದಳು. ಸಂಜೆ ಮನೆಗೆ ಹೋದರೆ ಹಿತ್ತಲ ಬಾಗಿಲು, ಸ್ನಾನ, ಆಮೇಲೆ ವಿಭೂತಿ, ಆಮೇಲೆ ಕಾಫಿ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ.

"ನೀನು ಎಂಥದು ಒಡೀತೀಯಮ್ಮ?" ಎಂದು ಅವಳ ಅಕ್ಕ ನನ್ನನ್ನು ಕೇಳಿದರು.

"ಕಪ್ಪೆ, ಅಕ್ಕಾ."

"ಅಯ್ಯೋ ಶಿವನೇ, ಅದಕ್ಕಿಂತ ಇವಳದ್ದೇ ವಾಸಿ ಬುಡು." ನನಗೂ ಬಚ್ಚಲು ತೋರಿಸಿದರು.

ಭಾವ ಮನೆಗೆ ಬಂದವರಿಗೆಲ್ಲ "ನಮ್ಮ ನಾದಿನಿ ಹಾರ್ಟಿನ ಮೇಲೆ ರಿಸರ್ಚ್ ಮಾಡ್ತಾವ್ಳೆ" ಎಂದು ಹೇಳುತ್ತಿದ್ದರು. ಯಾರ ಹಾರ್ಟು ಎಂದು ಹೇಳುತ್ತಿರಲಿಲ್ಲ. ಬಂದವರು ತಮ್ಮ ಎದೆ ಹಿಡಿದುಕೊಂಡು ಇವಳನ್ನು ಬಿ.ಪಿ. ವಿಚಾರ ಕೇಳುತ್ತಿದ್ದರು. ಇವಳು ಉಪ್ಪು ಕಡಿಮೆ ಮಾಡಿ ಎನ್ನುತ್ತಿದ್ದಳು.

ಕೋಳಿ ಭ್ರೂಣದ ಹೃದಯ ಮೊದಲು ನೆಟ್ಟಗಿರುವ ಒಂದು ಕೊಳವೆ. ಎರಡನೆಯ ದಿನ ಅದು ಬಾಗಲು ಶುರುಮಾಡುತ್ತದೆ, ಮಡಿಸಿದ ಮೊಣಕೈಯ ಹಾಗೆ. ಬಾಗುವುದು ಭ್ರೂಣದ ಬಲಗಡೆಗೆ. ಯಾವಾಗಲೂ ಎನ್ನುವಷ್ಟರ ಮಟ್ಟಿಗೆ ಬಲಗಡೆಗೆ. ಎಡಬಲವೆಂಬುದು ಇನ್ನೂ ಕಣ್ಣು ಮೂಗು ಮೂಡದ ಆ ಅಂಗುಲಕ್ಕೂ ಚಿಕ್ಕ ಜೀವಕ್ಕೆ ಹೇಗೆ ಗೊತ್ತಾಗುತ್ತದೆ ಎನ್ನುವುದು ಅವಳ ಪ್ರಶ್ನೆ. ಕಾವಿನಲ್ಲಿ ಏರುಪೇರಾದರೆ ಅದು ಎಡಬಲ ಮರೆಯಬಹುದೇ ಎನ್ನುವುದು ಆಮೇಲೆ ಹುಟ್ಟಿದ ಪ್ರಶ್ನೆ. ಅದು ಹುಟ್ಟಿದ್ದಕ್ಕೆ ನಮ್ಮ ವಿಭಾಗದ ಕರೆಂಟೇ ಕಾರಣ.

ಇಷ್ಟು ಚಿಕ್ಕದರ ಆಕಾರವನ್ನು ನೋಡುವುದಕ್ಕೆ ಆಗ ನಮಗಿದ್ದ ದಾರಿ ಒಂದೇ. ಭ್ರೂಣವನ್ನು ಮೇಣದಲ್ಲಿ ಹುದುಗಿಸುವುದು, ಕೂದಲಿಗಿಂತ ತೆಳ್ಳಗೆ ಸಾಲಾಗಿ ಕೊಯ್ಯುವುದು, ಒಂದೊಂದು ಸೀಳನ್ನೂ ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕುವುದು. ಆಮೇಲೆ ಮೈಕ್ರೋಸ್ಕೋಪಿಗೆ ಸಿಕ್ಕಿಸಿದ ಪ್ರಿಸಂ ಮೂಲಕ ನೋಡುತ್ತ ಒಂದೊಂದರ ಅಂಚನ್ನು ಕಾಗದದ ಮೇಲೆ ಬರೆದು, ಅದನ್ನು ಥರ್ಮೋಕೋಲ್ ಹಾಳೆಗೆ ಇಳಿಸಿ, ಬಿಸಿ ತಂತಿಯಲ್ಲಿ ಕತ್ತರಿಸಿ, ಗೋಂದು ಹಚ್ಚಿ ಒಂದರ ಮೇಲೊಂದು ಜೋಡಿಸುವುದು. ತಿಂಗಳುಗಟ್ಟಲೆ ಕೆಲಸ. ಕೊನೆಗೆ ಸಾಸಿವೆಗಿಂತ ಚಿಕ್ಕ ಹೃದಯ ಕುಂಬಳಕಾಯಿಯಷ್ಟು ದೊಡ್ಡದಾಗಿ ಮೇಜಿನ ಮೇಲೆ ಕೂರುತ್ತಿತ್ತು. ಅವಳು ಮಾಡಿದ ಮೊದಲ ಥರ್ಮೋಕೋಲ್ ಹೃದಯದ ತೂತಿನೊಳಗೆ ಹಲ್ಲಿಯೊಂದು ಸಂಸಾರ ಹೂಡಿತ್ತು.

"ಬಾಡಿಗೆ ವಸೂಲಿ ಮಾಡೇ" ಎಂದೆ.

"ಹೃದಯದಲ್ಲಿ ಇರೋರ ಹತ್ರ ಬಾಡಿಗೆ ಕೇಳ್ತಾರಾ?" ಎಂದಳು.

ಈ ಮಾತನ್ನು ಅವಳು ಆಡಿದ್ದಳೋ ನಾನು ಆಮೇಲೆ ಅವಳ ಬಾಯಿಗೆ ತುರುಕಿದೆನೋ. ತೀರಾ ಚೆನ್ನಾಗಿ ಕೂತಿದೆ, ಅದಕ್ಕೇ ಅನುಮಾನ.

ಮೇಣದ ಕೆಲಸದಲ್ಲಿ ನಮ್ಮ ವಿಭಾಗಕ್ಕೊಂದು ಪದ್ಧತಿ ಇತ್ತು. ಭ್ರೂಣವನ್ನು ಹುದುಗಿಸಿದ ಕೂಡಲೇ ಮೇಣದ ಗಟ್ಟಿಯ ಒಂದು ಮೂಲೆಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಬೇಕು, ಭ್ರೂಣದ ಬಲಮಗ್ಗುಲು ಯಾವ ಕಡೆಗಿದೆಯೋ ಆ ಕಡೆಗೆ. ಕಿವಿ ಕೊಯ್ಯುವುದು ಎಂದೇ ಅದರ ಹೆಸರು. ಕಿವಿ ಕೊಯ್ದಿದ್ದರೆ ಆಮೇಲೆ ಸೀಳು ತಲೆಕೆಳಗಾಗಲಿ, ಮಗುಚಿಕೊಳ್ಳಲಿ, ಬಲ ಯಾವುದು ಎಡ ಯಾವುದು ಎಂಬ ಗೊಂದಲವಿಲ್ಲ. ಮೇಷ್ಟ್ರು ಕೋಣೆಗೆ ಬಂದರೆ ನಮಸ್ಕಾರಕ್ಕೆ ಉತ್ತರವಾಗಿ "ಕಿವಿ ಕೊಯ್ದ್ರೇನಮ್ಮಾ?" ಎನ್ನುತ್ತಿದ್ದರು. ಮೃದು ಮಾತಿನ ಮನುಷ್ಯ, ನಿವೃತ್ತಿಗೆ ಹತ್ತಿರವಿದ್ದವರು. ನಾವು ಅವರ ಬೆನ್ನಹಿಂದೆ ಅದೇ ಧಾಟಿಯಲ್ಲಿ ಅಣಕ ಮಾಡುತ್ತಿದ್ದೆವು. ಊಟದ ಡಬ್ಬಿಯಲ್ಲಿ ಚಪಾತಿಯ ಮೂಲೆ ಹರಿದಿದ್ದರೆ, ಬಲ ಯಾವುದು ಅಂತ ಗೊತ್ತಾಯಿತು ಬಿಡು ಎಂದು ನಗುತ್ತಿದ್ದೆವು.

ಆ ಏಪ್ರಿಲ್ಲಿಗೆ ಬರುತ್ತೇನೆ. ಕರೆಂಟು ಹೋಗಿ, ಅಥವಾ ಹೋಗದೆ, ಒಂದು ಟ್ರೇ ಮೊಟ್ಟೆಗಳ ಕಾವು ಹೆಚ್ಚುಕಡಿಮೆಯಾಗಿತ್ತು. ಬಿಸಾಡುವುದೆಂದು ಮೊದಲು ಎಣಿಸಿದ್ದಳು. ಆಮೇಲೆ, ತಂದ ತಪ್ಪಿಗೆ ಒಡೆದು ನೋಡಿಬಿಡೋಣ ಎಂದು ಕೂತಳು. ಭ್ರೂಣದ ಸುತ್ತ ಫಿಲ್ಟರ್ ಕಾಗದದ ಬಳೆಯೊಂದನ್ನು ಇಟ್ಟು, ಅಂಚು ಕತ್ತರಿಸಿ, ಕಾಗದಕ್ಕೆ ಅಂಟಿದ ಭ್ರೂಣವನ್ನು ಹಳದಿಯ ಮೇಲಿಂದ ಎತ್ತಿ ಉಪ್ಪುನೀರಿನ ತಟ್ಟೆಗೆ ಬಿಡುವುದು ಅವಳ ಕ್ರಮ. ಹಳದಿಯ ಮೇಲಿರುವಾಗ ಕಾಣುವುದು ಭ್ರೂಣದ ಬೆನ್ನು. ತಟ್ಟೆಯಲ್ಲಿ ಕಾಗದವನ್ನು ಮಗುಚಿ ಹಾಕಿದರೆ ಹೊಟ್ಟೆ ಮೇಲಾಗುತ್ತದೆ, ಹೃದಯ ಚೆನ್ನಾಗಿ ಕಾಣುತ್ತದೆ. ಆದರೆ ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕೆ ಇರುವ ಹಾಗೆ, ಮಗುಚಿದ ಮೇಲೆ ಬಲಕ್ಕೆ ಬಾಗಿದ್ದು ನೋಡುವವರ ಎಡಕ್ಕೆ ಕಾಣುತ್ತದೆ. ನಮಗೆ ಇದು ಅಭ್ಯಾಸವಾಗಿತ್ತು. ಯೋಚಿಸದೆಯೇ ತಿರುಗಿಸಿಕೊಳ್ಳುತ್ತಿದ್ದೆವು.

"ಲೇ, ಬಾರೇ ಇಲ್ಲಿ. ಇದೇನೋ ಉಲ್ಟಾ ಇದೆ ಕಣೇ."

ನಾನು ನನ್ನ ಮೇಜಿನಿಂದ ಎದ್ದು ಹೋಗಿ ಅವಳ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕೆಂಪಿನ್ನೂ ಮೂಡದ, ನೀರಿನಂಥ ಒಂದು ಕೊಂಕು ಬಡಿದುಕೊಳ್ಳುತ್ತಿತ್ತು.

"ಹೌದಲ್ವಾ?"

"ಹೌದು ಕಣೇ, ಎಡಕ್ಕಿದೆ."

ಅವಳು ಇನ್ನೂ ಕೆಲವನ್ನು ಒಡೆದಳು. ಕೆಲವು ಬಲಕ್ಕಿದ್ದವು, ಕೆಲವು ಎಡಕ್ಕೆ. ಎಡಕ್ಕೆ ಎಂದು ಕಂಡದ್ದನ್ನೆಲ್ಲ ನನಗೆ ತೋರಿಸಿದಳು. ನಾನು ನನ್ನ ಬಾಲಗಳ ನಡುವೆ ಎದ್ದು ಬಂದು ನೋಡಿ, ಹೌದು ಹೌದು ಎಂದು ಹೋಗಿ ಕೂತೆ. ಹತ್ತಾರು ಸಲ ನಾನು ಈ ಎದ್ದು ಹೋಗುವಿಕೆಯನ್ನು ನೆನಪಿನಲ್ಲಿ ಮಾಡಿದ್ದೇನೆ. ಪ್ರತಿ ಸಲವೂ ಕಣ್ಣಿಡುವ ಹೊತ್ತಿಗೆ ತಟ್ಟೆಯಲ್ಲಿ ಕಾಗದ ಒಮ್ಮೆ ಮಗುಚಿರುತ್ತದೆ, ಒಮ್ಮೆ ಮಗುಚಿರುವುದಿಲ್ಲ.

ಇವನ್ನು ಮೇಣಕ್ಕೆ ಹಾಕುವುದು ಬೇಡ ಎಂದು ಅವಳು ನಿರ್ಧರಿಸಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಬೆಂಗಳೂರಿನ ಒಂದು ಸಂಸ್ಥೆಗೆ ಆಗಷ್ಟೇ ಕನ್ಫೋಕಲ್ ಮೈಕ್ರೋಸ್ಕೋಪ್ ಬಂದಿತ್ತು. ಕತ್ತಿಯೇ ಇಲ್ಲದೆ ಬೆಳಕಿನಿಂದ ಕೊಯ್ಯುವ ಯಂತ್ರ. ಲೇಸರ್ ಬೆಳಕನ್ನು ಭ್ರೂಣದೊಳಗೆ ಒಂದು ಆಳಕ್ಕೆ ಕೇಂದ್ರೀಕರಿಸುತ್ತದೆ. ಅಲ್ಲಿಂದ ಹೊಳೆದು ಬಂದ ಬೆಳಕನ್ನು ಮಾತ್ರ ಒಂದು ಸೂಜಿರಂಧ್ರ ಒಳಗೆ ಬಿಡುತ್ತದೆ, ಮೇಲಿನದನ್ನೂ ಕೆಳಗಿನದನ್ನೂ ತಡೆಯುತ್ತದೆ. ಆ ಆಳದ ಚಿತ್ರ ಆದ ಮೇಲೆ ಇನ್ನೊಂದಿಷ್ಟು ಕೆಳಗೆ. ಹೀಗೆ ಪದರ ಪದರವಾಗಿ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಜೋಡಿಸಿ ಇಡೀ ಆಕಾರವನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ಭ್ರೂಣ ಇಡಿಯಾಗಿ ಉಳಿಯುತ್ತದೆ, ಒಂದು ಗೀರೂ ಇಲ್ಲ.

ಬೆಳಕು ಆಳಕ್ಕೆ ಇಳಿಯಬೇಕಾದರೆ ಭ್ರೂಣ ಪಾರದರ್ಶಕವಾಗಬೇಕು. ಅದಕ್ಕೆ ಅವಳು ಹೊಳೆಯುವ ಬಣ್ಣ ಹಾಕಿದ ಭ್ರೂಣಗಳ ನೀರನ್ನೆಲ್ಲ ಆಲ್ಕೋಹಾಲಿನಿಂದ ಹಂತ ಹಂತವಾಗಿ ತೆಗೆದು ಒಂದು ಎಣ್ಣೆಯಲ್ಲಿ ಇಳಿಬಿಟ್ಟಳು. ನೋವಿನ ಮುಲಾಮಿಗೆ ಹಾಕುವ ಅದೇ ಎಣ್ಣೆ, ಅದೇ ಘಾಟು ವಾಸನೆ. ಬಿಳಿಯಾಗಿದ್ದ ಭ್ರೂಣಗಳು ನೋಡ ನೋಡುತ್ತಿದ್ದಂತೆ ಗಾಜಾದವು, ಆಮೇಲೆ ಇಲ್ಲವೇ ಇಲ್ಲವೆನಿಸಿದವು. ಬಾಟಲಿಯನ್ನು ಕಿಟಕಿಗೆ ಹಿಡಿದು ಓರೆಯಾಗಿ ನೋಡಿದರೆ ಮಾತ್ರ ಎಣ್ಣೆಯೊಳಗೆ ಎಣ್ಣೆಯದೇ ಒಂದು ಸುಕ್ಕು. ಈ ಕೆಲಸಕ್ಕೆ ದೊಡ್ಡ ಶತ್ರು ನೀರು. ಒಂದು ಹನಿ ಸೇರಿದರೂ ಎಲ್ಲ ಹಾಲಿನಂತೆ ಮಬ್ಬಾಗುತ್ತದೆ. ಆ ದಿನಗಳಲ್ಲಿ ನಾವು ನೀರಿಗೆ ಹೆದರಿದಷ್ಟು ಇನ್ನಾವುದಕ್ಕೂ ಹೆದರಲಿಲ್ಲ.

ಇಬ್ಬರೂ ಬೆಂಗಳೂರಿಗೆ ಹೋದೆವು. ತಣ್ಣಗಿನ, ಕತ್ತಲೆ ಮಾಡಿದ ಕೋಣೆ. ಬೆಳಿಗ್ಗೆ ಬಲಕ್ಕೆ ಬಾಗಿದ ಸಾಮಾನ್ಯ ಭ್ರೂಣಗಳನ್ನು ಒಬ್ಬರು ನೋಡಿಕೊಟ್ಟರು. ಊಟದ ನಂತರ ಯಂತ್ರದ ಮುಂದೆ ಇನ್ನೊಬ್ಬರು ಕೂತಿದ್ದರು. ಅವರು ನಮ್ಮ ವಿಶೇಷ ಭ್ರೂಣಗಳನ್ನು ತೆಗೆದುಕೊಂಡರು. ಪರದೆಯ ಮೇಲೆ ಹಸಿರು ಹೃದಯವೊಂದು ಕತ್ತಲಲ್ಲಿ ತೇಲುತ್ತ ನಿಧಾನವಾಗಿ ಸುತ್ತಿತು. ಎಡಕ್ಕೆ ಬಾಗಿತ್ತು. ಮುಂದಿನದೂ ಎಡಕ್ಕೆ. ಅದರ ಮುಂದಿನದೂ.

"ಇನ್ನೊಂದ್ಸಲ ತಿರುಗ್ಸಿ ಸರ್, ಪ್ಲೀಸ್" ಎಂದಳು. ಅವರು ತಿರುಗಿಸಿದರು. "ಇನ್ನೊಂದ್ಸಲ."

"ಮೇಡಂ, ಇದನ್ನ ಸಿ.ಡಿ.ಗೆ ಹಾಕ್ಕೊಡ್ತೀನಿ, ಮನೇಲಿ ಕೂತ್ಕೊಂಡು ಜಾತ್ರೆ ರಾಟೆ ಥರ ತಿರುಗಿಸ್ಕೊಳ್ಳಿ."

ಅವಳು ನಕ್ಕಳು. ಅಷ್ಟು ಸಂತೋಷವಾಗಿ ಅವಳು ಅದಕ್ಕೆ ಮುಂಚೆ ನಕ್ಕದ್ದನ್ನು ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕಿವಿ ಕೊಯ್ದೆವಾ ಎಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಕೊಯ್ಯುವುದಕ್ಕೆ ಮೇಣವೇ ಇರಲಿಲ್ಲವಲ್ಲ. ಕತ್ತಿ ಹೋಯಿತು, ಮೇಣ ಹೋಯಿತು, ಅವುಗಳ ಜೊತೆ ಆ ಮೂಲೆಯೂ ಹೋಯಿತು.

ಹೊರಡುವಾಗ ಇನ್ನೊಂದು ಸಂಗತಿ ನಡೆಯಿತು. ನಾವು ತಂದಿದ್ದ ಗಾಜಿನ ಬಾಟಲಿಗಳನ್ನು ಯಾರೋ ಉಪಕಾರವೆಂದು ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿದ್ದರು. ಒಳಗೆ ನೀರಿನ ಹನಿ. ರೈಲಿಗೆ ಹೊತ್ತಾಗುತ್ತಿತ್ತು. ಅಲ್ಲೇ ಮುಚ್ಚಳವಿದ್ದ, ಒಣಗಿದ್ದ, ಶುಭ್ರವಾದ ಪ್ಲಾಸ್ಟಿಕ್ ತಟ್ಟೆಗಳಿದ್ದವು. ಒದ್ದೆ ಗಾಜೋ ಒಣ ಪ್ಲಾಸ್ಟಿಕ್ಕೋ ಎಂದು ನಾವು ಕ್ಷಣವೂ ಯೋಚಿಸಲಿಲ್ಲ. ಎಣ್ಣೆಯನ್ನೂ ಭ್ರೂಣಗಳನ್ನೂ ಪ್ಲಾಸ್ಟಿಕ್ ತಟ್ಟೆಗೆ ವರ್ಗಾಯಿಸಿ, ಟೇಪು ಸುತ್ತಿ, ಚೀಲದಲ್ಲಿಟ್ಟು ಓಡಿದೆವು.

ರಾಮನಗರ ದಾಟುವ ಹೊತ್ತಿಗೆ ಬೋಗಿಯ ತುಂಬ ಮುಲಾಮಿನ ವಾಸನೆ.

"ಯಾರಮ್ಮ ಅದು ಹಚ್ಕೊಂಡಿರೋದು?" ಎದುರು ಸೀಟಿನ ಅಜ್ಜಿಯೊಬ್ಬರು ಕೇಳಿದರು. "ನಂಗೂ ಒಂಚೂರು ಕೊಡ್ರವ್ವಾ, ಮಂಡಿ ಹಿಡ್ಕೊಂಡ್ಬುಟ್ಟದೆ."

"ಇದು ಮಂಡಿಗಲ್ಲ ಅಜ್ಜಿ."

"ಮತ್ತೆಂಥದಕ್ಕೆ?"

"ಹೃದಯಕ್ಕೆ" ಎಂದಳು ಇವಳು.

"ಹಚ್ಕೊಂಡ್ರೆ ವಾಸಿಯಾಯ್ತದಾ?" ಅಜ್ಜಿ ಗಂಭೀರವಾಗಿಯೇ ಕೇಳಿದರು. ನಾವಿಬ್ಬರೂ ಮೈಸೂರಿನವರೆಗೆ ನಕ್ಕೆವು.

ಮರುದಿನ ಚೀಲ ತೆಗೆದರೆ ಆ ಎಣ್ಣೆ ಪ್ಲಾಸ್ಟಿಕ್ಕನ್ನು ತಿಂದುಹಾಕಿತ್ತು. ತಟ್ಟೆಯ ತಳ ಕರಗಿ, ಮಬ್ಬಾಗಿ, ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿತ್ತು. ಅದರೊಳಗೆಲ್ಲೋ ಭ್ರೂಣಗಳು. ಸೂಜಿಯಿಂದ ಕೆದಕಿದರೆ ಏನೂ ಬಿಡಿಯಾಗಿ ಬರಲಿಲ್ಲ. ಅವಳು ತುಸು ಹೊತ್ತು ನೋಡಿ, "ಹೋಗ್ಲಿ ಬುಡೇ, ಸಿ.ಡಿ. ಇದ್ಯಲ್ಲ" ಎಂದಳು. ನಾನೂ ಹಾಗೇ ಅಂದುಕೊಂಡೆ. ಅದನ್ನು ಬಿಸಾಡಿದವರು ಯಾರೆಂದು ನೆನಪಿಲ್ಲ.

ಮೇಷ್ಟ್ರು ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ಕಂಪ್ಯೂಟರಿನ ಮೌಸ್ ಇನ್ನೂ ಒಗ್ಗಿರಲಿಲ್ಲ; ಹೃದಯ ಒಮ್ಮೆ ಗಿರ್ರನೆ ಸುತ್ತಿ ಪರದೆಯ ಆಚೆಗೆ ಹೋಗಿಬಿಡುತ್ತಿತ್ತು, ಇವಳು ಹಿಡಿದು ತರುತ್ತಿದ್ದಳು.

"ಮಧ್ಯಾಹ್ನ ತೆಗೆದಿದ್ದು ಎಲ್ಲಾ ಎಡಕ್ಕೇನಮ್ಮಾ?"

"ಎಲ್ಲಾ ಸರ್."

"ಅದೇ ನೋಡು ನಂಗೆ ತೊಡಕು. ಪ್ರಕೃತಿ ಯಾವತ್ತೂ ಎಲ್ಲಾ ಅನ್ನಲ್ಲ ಕಣಮ್ಮ, ಕೆಲವು ಅನ್ನುತ್ತೆ. ಎಲ್ಲಾ ಅನ್ನೋದು ಯಂತ್ರ."

"ನಾನು ಆರಿಸಿಕೊಂಡು ಹೋಗಿದ್ದೇ ಎಡಕ್ಕಿದ್ದಿದ್ದನ್ನ ಸರ್. ಅದಕ್ಕೇ ಎಲ್ಲಾ ಎಡಕ್ಕೆ."

ಇದು ಸರಿಯಾದ ಉತ್ತರ. ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಕೇಳಿದರು, "ಪದರಗಳನ್ನ ಮೇಲಿಂದ ಕೆಳಕ್ಕೆ ಜೋಡಿಸಿದ್ದಾರೋ, ಕೆಳಗಿಂದ ಮೇಲಕ್ಕೋ?"

ಪದರಗಳ ಸಾಲು ತಿರುವುಮುರುವಾದರೆ ಜೋಡಿಸಿದ ಹೃದಯ ಕನ್ನಡಿಯೊಳಗಿನದಾಗುತ್ತದೆ. ಬಲಕ್ಕೆ ಬಾಗಿದ್ದು ಎಡಕ್ಕೆ ಬಾಗಿದ್ದಾಗಿ, ಯಾವ ಸುಳಿವೂ ಕೊಡದೆ ಅಷ್ಟೇ ಚೆಂದವಾಗಿ ತಿರುಗುತ್ತದೆ. ನಾವು ಬೆಂಗಳೂರಿಗೆ ಫೋನ್ ಮಾಡಿದೆವು. ಅಲ್ಲಿ ಒಂದೇ ಕೋಣೆಯಲ್ಲಿ ಎರಡು ಮೈಕ್ರೋಸ್ಕೋಪುಗಳಿದ್ದವಂತೆ, ಒಂದು ಮೇಲಿನಿಂದ ನೋಡುವಂಥದ್ದು, ಇನ್ನೊಂದು ಕೆಳಗಿನಿಂದ; ಒಂದರ ಮೊದಲ ಪದರ ಇನ್ನೊಂದರ ಕೊನೆಯ ಪದರ. ಮಧ್ಯಾಹ್ನ ಯಾವುದರಲ್ಲಿ ನೋಡಿದರೆಂದು ಅವರಿಗೆ ನೆನಪಿರಲಿಲ್ಲ. ಮೇಲಿನಿಂದಲೇ ಎಂದು ಇವಳು. ಕೆಳಗಿನಿಂದ ಎಂದು ನಾನು. ನನಗೆ ಯಂತ್ರದ ಹೊಟ್ಟೆಯಡಿ ಹಸಿರು ಬೆಳಕು ಕಂಡ ನೆನಪು. ಅದು ಬೆಳಗಿನದೂ ಇರಬಹುದು.

"ಭ್ರೂಣಗಳನ್ನ ತನ್ನಿ" ಎಂದರು ಮೇಷ್ಟ್ರು. "ಆ ಎಣ್ಣೆಯಿಂದ ನೇರವಾಗಿ ಮೇಣಕ್ಕೆ ಹಾಕಬಹುದು. ಹಳೇ ಥರ ಕಿವಿ ಕೊಯ್ದು ನೋಡೋಣ. ಒಂದು ವಾರದಲ್ಲಿ ಗೊತ್ತಾಗುತ್ತೆ."

ಅವಳು ಪ್ಲಾಸ್ಟಿಕ್ ತಟ್ಟೆಯ ವಿಚಾರ ಹೇಳಿದಳು. ಮೇಷ್ಟ್ರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಕೇಳಿದರು, "ಆರಿಸುವಾಗ ಕಣ್ಣಾರೆ ನೋಡಿದವರು ನೀನೊಬ್ಬಳೇನಾ?"

"ಇವಳೂ ನೋಡಿದ್ದಾಳೆ ಸರ್."

ಇಬ್ಬರೂ ನನ್ನ ಕಡೆ ತಿರುಗಿದರು.

"ನೋಡಿದೆ ಸರ್" ಎಂದೆ. "ಎಡಕ್ಕಿತ್ತು."

"ಯಾರ ಎಡಕ್ಕೆ? ಬೆನ್ನು ಮೇಲಿತ್ತೋ, ಹೊಟ್ಟೆ ಮೇಲಿತ್ತೋ?"

ನಾನು ಆ ತಟ್ಟೆಯನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದೆ. ಕೊಂಕು ಬಂತು, ಬಡಿತ ಬಂತು, ಕಾಗದದ ಬಳೆಯ ಅಂಚಿನಲ್ಲಿ ಅಂಟಿದ್ದ ಹಳದಿಯ ಗೆರೆಯೂ ಬಂತು. ಬೆನ್ನೋ ಹೊಟ್ಟೆಯೋ ಬರಲಿಲ್ಲ. ಬೆನ್ನು ಮೇಲಿದ್ದಾಗಲೂ ಅಭ್ಯಾಸಬಲದಿಂದ ತಿರುಗಿಸಿಕೊಂಡಿದ್ದರೆ, ನಾವು ಎಡವೆಂದದ್ದು ನಿಜಕ್ಕೂ ಬಲವೇ.

"ನೆನಪಾಗ್ತಿಲ್ಲ ಸರ್."

ಕಾರಿಡಾರಿಗೆ ಬಂದ ಮೇಲೆ ಅವಳು ಕೇಳಿದಳು. "ಹೊಟ್ಟೆ ಮೇಲಿತ್ತು ಅಂದಿದ್ರೆ ನಿಂದೇನು ಗಂಟು ಹೋಗ್ತಿತ್ತೇ?"

"ನಿಜವಾಗ್ಲೂ ನೆನಪಿಲ್ಲ ಕಣೇ."

"ನಾನು ಯಾವತ್ತು ಮಗುಚದೆ ನೋಡಿದ್ದೀನಿ ಹೇಳು. ನಾಲ್ಕು ವರ್ಷದಿಂದ ಎದುರಿಗೆ ಕೂತಿದ್ದೀಯ."

"ನೀನು ಮಗುಚೇ ನೋಡ್ತೀಯ. ನಾನು ನೋಡ್ದಾಗ ಎಂಗಿತ್ತು ಅನ್ನೋದು..."

"ಸಾಕು ಸುಮ್ನಿರು ತಾಯಿ. ನೀನು ಸತ್ಯ ಹರಿಶ್ಚಂದ್ರನ ಮೊಮ್ಮಗಳು."

ಅವಳ ಮಾತಿನಲ್ಲಿ ನ್ಯಾಯವಿತ್ತು. ಅಭ್ಯಾಸವೇ ಸಾಕ್ಷಿಯಾಗುವುದಾದರೆ ಅವಳು ಸರಿ. ನನ್ನ ಉತ್ತರವೂ ಸುಳ್ಳಲ್ಲ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಎಷ್ಟೋ ಸಲ ನೋಡಿದ್ದೇನೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಮೇಷ್ಟ್ರೂ ತಪ್ಪು ಮಾಡಲಿಲ್ಲ. ಯಾರೂ ತಪ್ಪು ಮಾಡದೆ ಒಂದು ವಸ್ತು ಕಳೆದುಹೋಯಿತು. ತಪ್ಪು ಮಾಡಿದವರಿದ್ದಿದ್ದರೆ ಅವರ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

ಅವಳು ಬಿಡಲಿಲ್ಲ. ಮಳೆಗಾಲವಿಡೀ ಇನ್‌ಕ್ಯುಬೇಟರಿನ ಸ್ವಿಚ್ಚನ್ನು ಬೇಕೆಂದೇ ಆರಿಸಿ, ಹಾಕಿ, ಮೊಟ್ಟೆ ಒಡೆದಳು. ಒಮ್ಮೆ ಅರ್ಧ ಗಂಟೆ, ಒಮ್ಮೆ ಒಂದು ಗಂಟೆ, ಒಮ್ಮೆ ಬಾಗಿಲು ತೆರೆದಿಟ್ಟು, ಒಮ್ಮೆ ಮುಚ್ಚಿ. ಈಗ ಪ್ರತಿಯೊಂದರ ಬಲಮಗ್ಗುಲಿನ ಕಾಗದದ ಅಂಚನ್ನು ಕತ್ತರಿಸಿ ಗುರುತು ಮಾಡುತ್ತಿದ್ದಳು. ಹೃದಯಗಳು ಬಲಕ್ಕೇ ಬಾಗಿದವು. ಆ ಏಪ್ರಿಲ್ ದಿನ ಕರೆಂಟು ಎಷ್ಟು ಹೊತ್ತು ಹೋಗಿತ್ತು, ಎಷ್ಟು ಸಲ ಬಂದು ಹೋಯಿತು ಎಂದು ಗೊತ್ತಿದ್ದರೆ ಅದನ್ನೇ ಮತ್ತೆ ಮಾಡಬಹುದಿತ್ತು. ಅದಕ್ಕಾಗಿ ಇಬ್ಬರೂ ವಿದ್ಯುತ್ ಕಚೇರಿಗೂ ಹೋದೆವು.

"ಕರೆಂಟ್ ಹೋಗಿದ್ದಕ್ಕೆ ಲೆಕ್ಕ ಇಡ್ತಾರೇನಮ್ಮಾ?" ಎಂದರು ಅಲ್ಲಿದ್ದವರು. "ಬಂದಿದ್ದಕ್ಕೆ ಇಡ್ತೀವಿ, ಬಿಲ್ಲಲ್ಲಿ ನೋಡ್ಕೊಳ್ಳಿ."

ಪಕ್ಕದ ಮೇಜಿನವರು ತಲೆಯೆತ್ತಿದರು. "ಯಾಕಮ್ಮ, ಫ್ರಿಜ್ ಕೆಟ್ಟೋಯ್ತಾ?"

"ಇಲ್ಲ ಸರ್, ಮೊಟ್ಟೆ."

"ಓ, ಕೊಳೆತೋಯ್ತಾ? ಅದಕ್ಕೆಲ್ಲ ಪರಿಹಾರ ಇಲ್ಲ ಕಣಮ್ಮ."

ಅವಳು ಆಗ ನಗಲಿಲ್ಲ.

ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಆ ಅಧ್ಯಾಯವನ್ನು ಬಿಟ್ಟು ಉಳಿದದ್ದನ್ನು ಕೊಡು ಎಂದರು ಮೇಷ್ಟ್ರು. ಉಳಿದದ್ದೇ ಬೇಕಾದಷ್ಟಿದೆ, ಥರ್ಮೋಕೋಲ್ ಹೃದಯಗಳೇ ಸಾಕು. ಅವಳು ಕೊಟ್ಟಳು. ಡಿಗ್ರಿ ಬಂತು. ಭಾವ ಪರಿಚಯದವರಿಗೆಲ್ಲ ಸಿಹಿ ಹಂಚಿದರು. ಅವಳ ಪ್ರಬಂಧದಲ್ಲಿ ಇದ್ದದ್ದೆಲ್ಲ ಬೇರೆಯವರು ಮುಂಚೆಯೇ ಬಲ್ಲ ಸಂಗತಿಗಳು, ಅವಳು ಇನ್ನಷ್ಟು ಅಚ್ಚುಕಟ್ಟಾಗಿ ತೋರಿಸಿದಂಥವು. ಅವಳೊಬ್ಬಳೇ ಕಂಡಿದ್ದು, ಅಥವಾ ಕಂಡೆನೆಂದುಕೊಂಡದ್ದು, ಅದರಲ್ಲಿರಲಿಲ್ಲ. ಮುಂದೆ ಅವಳು ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದಳು. ಸಂಶೋಧನೆ ಮುಂದುವರಿಸಲಿಲ್ಲ. ಈ ಅಧ್ಯಾಯದಿಂದಲೇ ಹಾಗಾಯಿತು ಎಂದು ಬರೆದರೆ ಕಥೆ ಗಟ್ಟಿಯಾಗುತ್ತದೆ. ಆದರೆ ಅವಳಿಗೆ ಪಾಠ ಮಾಡುವುದು ಇಷ್ಟವಿತ್ತು, ಸಂಬಳ ಬೇಕಿತ್ತು, ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಹೋಗುವುದು ಸಾಕಾಗಿತ್ತು. ಯಾವುದರಿಂದ ಎಷ್ಟು ಎಂದು ನಾನು ಹೇಗೆ ಹೇಳಲಿ?

ನಮ್ಮ ಮಾತು ನಿಲ್ಲಲಿಲ್ಲ, ಕಡಿಮೆಯಾಯಿತು. ಹಬ್ಬಕ್ಕೊಮ್ಮೆ ಫೋನು. ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ ಒಂದು ದಿನ ಸಿದ್ಧಾರ್ಥನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಸಿಕ್ಕಳು. ಅವಳ ಅಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ನಾನು ನನ್ನ ಕಣ್ಣಿಗೆ ಹೋಗಿದ್ದೆ. ಅಕ್ಕ ಯಂತ್ರವೊಂದರ ಮುಂದೆ ಗಲ್ಲ ಊರಿ ಕೂತಿದ್ದರು. ಮುಟ್ಟದೆ, ಗಾಯ ಮಾಡದೆ, ಕಣ್ಣಿನ ಹಿಂಬದಿಯ ಪೊರೆಯನ್ನು ಬೆಳಕಿನಿಂದಲೇ ಪದರ ಪದರವಾಗಿ ಬಿಡಿಸಿ ತೋರಿಸುವ ಯಂತ್ರ. ತಂತ್ರ ಬೇರೆ, ಆಸೆ ಅದೇ. ಪರದೆಯ ಮೇಲೆ ಅಕ್ಕನ ಕಣ್ಣಿನ ಒಳಗೋಡೆ ಬೆಟ್ಟಗುಡ್ಡದ ಹಾಗೆ ಮೂಡಿತು. ಚಿತ್ರದ ಮೂಲೆಯಲ್ಲಿ ಬಲಗಣ್ಣು ಎಂಬ ಗುರುತು ತಾನಾಗಿಯೇ ಬಂದಿತ್ತು.

ಅವಳು ಅದನ್ನು ಬೆರಳಿನಿಂದ ತೋರಿಸಿ ಯಂತ್ರ ನಡೆಸುತ್ತಿದ್ದ ಹುಡುಗಿಯನ್ನು ಕೇಳಿದಳು. "ಇದನ್ನ ನೀವು ಹಾಕಿದ್ದಾ?"

"ಇಲ್ಲ ಮೇಡಂ, ಅದೇ ಹಾಕ್ಕೊಳ್ಳುತ್ತೆ."

"ಬುದ್ಧಿ ಬಂದಿದೆ ಅದಕ್ಕೆ" ಎಂದಳು ನನ್ನ ಕಡೆ ನೋಡದೆ.

ಅಕ್ಕ ಗಲ್ಲ ಎತ್ತದೆಯೇ, "ಏನಾಯ್ತೇ? ನನ್ ಕಣ್ಣಲ್ಲಿ ಏನೈತೆ?" ಎಂದರು.

"ಏನಿಲ್ಲ ಅಕ್ಕ. ಅಲ್ಲಾಡಬೇಡ."

ಹೊರಗೆ ಬೆಂಚಿನ ಮೇಲೆ ಕೂತಾಗ ಅವಳೇ ಎತ್ತಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಯಾರೂ ಕೇಳ್ತಿಲ್ಲ. ಮೇಷ್ಟ್ರೂ ಇಲ್ಲ. ಈಗಲಾದ್ರೂ ಹೇಳೇ, ನೀನು ನೋಡ್ದಾಗ ಎಂಗಿತ್ತು?"

ನಾನು ಅವಳಿಗೆ ಬೇಕಾದದ್ದನ್ನು ಹೇಳಬಹುದಿತ್ತು. ಆ ಹೊತ್ತಿಗೆ ನಾನು ಕಥೆಗಳನ್ನು ಬರೆಯುತ್ತಿದ್ದೆ, ಇಲ್ಲದ ತಟ್ಟೆಗಳನ್ನು ದಿನಾ ಮಗುಚುತ್ತಿದ್ದೆ. ಅದೊಂದನ್ನು ಮಗುಚಲಾಗಲಿಲ್ಲ.

"ನಿಂಗೆ ಏನನ್ನಿಸುತ್ತೆ?" ಎಂದೆ.

"ನಂಗೆ ಮೊದಲು ಗೊತ್ತಿತ್ತು" ಎಂದಳು. "ಎಲ್ಲರೂ ಅಷ್ಟು ಸಲ ಕೇಳಿದ ಮೇಲೆ ಈಗ ಗೊತ್ತಿಲ್ಲ."

ಒಳಗಿನಿಂದ ಅಕ್ಕನನ್ನು ಕರೆತಂದರು. ಕಣ್ಣಿಗೆ ಹನಿ ಹಾಕಿದ್ದರಿಂದ ಬೆಳಕು ಚುಚ್ಚಿ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಇವಳು ಅವರ ಕೈಹಿಡಿದು ಆಟೋ ಹತ್ತಿಸಿ ಹೋದಳು.

ಕೆಲವು ಹೃದಯಗಳು ಎಡಕ್ಕೆ ಬಾಗಿದ್ದವೋ, ಅಥವಾ ಬಲಕ್ಕೇ ಬಾಗಿದ್ದವನ್ನು ನಾವು ತಿರುವುಮುರುವಾಗಿ ನೋಡಿ ಸಂತೋಷಪಟ್ಟೆವೋ, ನನಗೆ ತಿಳಿದಿಲ್ಲ. ಇನ್ನು ತಿಳಿಯುವ ದಾರಿಯೂ ಇಲ್ಲ.